ಆ ಬೆಳಕು ಯಾರಿಗೆ ಕಾಣ್ತಿದೆ? ಬರೋಕ್ ಕಾಲದ ದರ್ಶನದ ಚಿತ್ರಗಳ ಬಗ್ಗೆ ಒಂದು ಪ್ರಶ್ನೆ

ಬೆಳಕಿನಬೀಜ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊನ್ನೆ ಒಂಬತ್ತನೇ ಕ್ಲಾಸಿಗೆ ನೆರಳು-ಬೆಳಕಿನ ಪಾಠ ಮಾಡುವಾಗ ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದ ಸಂತ ಪೌಲನ ಪರಿವರ್ತನೆಯ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಹಾಕಿದೆ. 1600–01ರ ಚಿತ್ರ. ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿನಲ್ಲಿ ಚೆರಾಸಿ ಪ್ರಾರ್ಥನಾಲಯ ಅಂತ ಒಂದು ಕಿರಿದಾದ ಜಾಗವಿದೆ, ಅಲ್ಲಿನ ಪಕ್ಕದ ಗೋಡೆಯಲ್ಲಿ ಇವತ್ತಿಗೂ ಇದೆ. ಮಕ್ಕಳಿಗೆ ಕಥೆ ಹೇಳಿದೆ: ಕ್ರೈಸ್ತರನ್ನು ಹಿಡಿದು ತರೋಕೆ ದಮಸ್ಕಸ್ಸಿಗೆ ಹೊರಟ ಸೌಲನಿಗೆ (ಪೌಲನ ಇನ್ನೊಂದು ಹೆಸರು) ದಾರಿಯಲ್ಲಿ ಆಕಾಶದಿಂದ ಬೆಳಕು ಬಡಿಯುತ್ತೆ, ನೆಲಕ್ಕೆ ಬೀಳ್ತಾನೆ, ಯೇಸುವಿನ ದನಿ ಕೇಳುತ್ತೆ, ಮೂರು ದಿನ ಕಣ್ಣು ಕಾಣೋದಿಲ್ಲ, ಎದ್ದ ಮೇಲೆ ಬೇರೆಯೇ ಮನುಷ್ಯನಾಗ್ತಾನೆ. ಕಥೆ ಮುಗಿಯುತ್ತಲೇ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ಇದರಲ್ಲಿ ಕುದುರೆಯೇ ತುಂಬ್ಕೊಂಡಿದೆಯಲ್ಲ. ದೇವರು ಎಲ್ಲಿ?”

ಉತ್ತರ ಗೊತ್ತಿದೆ ಅಂದುಕೊಂಡಿದ್ದೆ. ಬಾಯಿ ತೆರೆದರೆ ಮಾತು ಹೊರಡಲಿಲ್ಲ. ‘ನಾಳೆ ಹೇಳ್ತೀನಿ’ ಅಂದೆ. ಆ ನಾಳೆ ಆಗಿ ಹದಿನೈದು ದಿನ ಆಯ್ತು.

ನನ್ನ ತೊಡಕು ಇಷ್ಟು. ದರ್ಶನ ಆಗೋದು ಒಬ್ಬರಿಗೆ. ಚಿತ್ರವನ್ನು ನೋಡೋದು ಊರೆಲ್ಲ. ಒಬ್ಬರ ಕಣ್ಣಿಗಷ್ಟೇ ಕಂಡದ್ದನ್ನು ಊರಿಗೆ ತೋರಿಸೋದು ಹೇಗೆ? 17ನೇ ಶತಮಾನದ ಇಟಲಿ, ಸ್ಪೇನ್ ಚಿತ್ರಕಾರರು ಈ ಕೆಲಸವನ್ನು ಬೆಳಕಿನ ಕೈಗೆ ಕೊಟ್ಟರು ಅಂತ ಎಲ್ಲರೂ ಹೇಳ್ತಾರೆ, ಸರಿ. ಆದರೆ ಚಿತ್ರದೊಳಗಿನ ಆ ಬೆಳಕು ಯಾರಿಗೆ ಕಾಣ್ತಿದೆ? ಸಂತನಿಗಾ, ಪಕ್ಕದಲ್ಲಿ ನಿಂತವರಿಗಾ, ನಮಗೆ ಮಾತ್ರಾನಾ? ಬಲ್ಲವರು ದಯವಿಟ್ಟು ಬರೆಯಿರಿ. ಹುಡುಗಿಗೆ ಉತ್ತರ ಕೊಡಬೇಕಿದೆ.

ಕರಾವಳಿಯವಳು

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ನಾನು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ಈ ಕಥೆ ಚಿಕ್ಕಂದಿನಿಂದ ಬಾಯಿಪಾಠ ಉಂಟು. ಆದ್ರೆ ದೊಡ್ಡವಳಾದ ಮೇಲೆ ಬೈಬಲ್ ತೆರೆದು ಓದುವಾಗ ಆಶ್ಚರ್ಯ ಆಯ್ತು. ಅದರಲ್ಲಿ ಕುದುರೆಯ ಸುದ್ದಿಯೇ ಇಲ್ಲ ಮಾರಾಯ್ರೆ! ಸೌಲ ನೆಲಕ್ಕೆ ಬಿದ್ದ ಅಂತ ಮಾತ್ರ ಉಂಟು. ಕುದುರೆಯನ್ನು ತಂದು ನಿಲ್ಲಿಸಿದ್ದು ಚಿತ್ರಕಾರರ ಪರಂಪರೆ.

ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಎನ್ನುವ ಭಾಗದಲ್ಲಿ ಈ ಘಟನೆ ಮೂರು ಸಲ ಬರ್ತದೆ, 9, 22, 26ನೇ ಅಧ್ಯಾಯಗಳಲ್ಲಿ. 9ರಲ್ಲಿ, ಜೊತೆಗಿದ್ದವರಿಗೆ ದನಿ ಕೇಳಿಸ್ತದೆ, ಆದ್ರೆ ಯಾರೂ ಕಾಣುವುದಿಲ್ಲ. 22ರಲ್ಲಿ ಪೌಲನೇ ಹೇಳುವಾಗ ತಿರುಗಾಮುರುಗಾ: ಜೊತೆಯವರಿಗೆ ಬೆಳಕು ಕಂಡಿತು, ದನಿ ಮಾತ್ರ ಕೇಳಿಸಲಿಲ್ಲ. ಹಾಗಾಗಿ “ಆ ಬೆಳಕು ಯಾರಿಗೆ ಕಾಣ್ತಿದೆ” ಎನ್ನುವ ನಿಮ್ಮ ಪ್ರಶ್ನೆ ಗ್ರಂಥದಲ್ಲೇ ತೆರೆದುಕೊಂಡೇ ಉಂಟು. ಕಾರವಾಜ್ಜೊ ಅದಕ್ಕೆ ತನ್ನದೇ ತೀರ್ಪು ಕೊಟ್ಟ. ಕುದುರೆಯ ಲಗಾಮು ಹಿಡಿದ ಆ ಮುದುಕನನ್ನು ನೋಡಿ. ಬೆಳಕು ಅವನ ನೆತ್ತಿಯ ಮೇಲೂ ಬಿದ್ದಿದೆ, ಅವನ ಗಮನ ಪೂರಾ ಕುದುರೆಯ ಮೇಲೆ. ಬೆಳಕು ಅವನನ್ನು ಮುಟ್ಟಿದೆ, ತಟ್ಟಲಿಲ್ಲ.

ಇನ್ನೊಂದು ವಿಷಯ. ಇದೆಲ್ಲ ನಡೆದದ್ದು ನಡುಮಧ್ಯಾಹ್ನ ಅಂತ ಪೌಲ ಹೇಳ್ತಾನೆ, ಸೂರ್ಯನಿಗಿಂತಲೂ ಪ್ರಖರವಾದ ಬೆಳಕು ಅಂತಾನೆ. ಕಾರವಾಜ್ಜೊ ಆ ಮಧ್ಯಾಹ್ನವನ್ನು ಕಗ್ಗತ್ತಲು ಮಾಡಿದ್ದಾನೆ. ಉರಿಬಿಸಿಲಿನ ಮೇಲೆ ಅದಕ್ಕಿಂತ ಹೆಚ್ಚಿನ ಬೆಳಕು ತೋರಿಸುವ ಬಣ್ಣ ಯಾರ ಹತ್ರವೂ ಇಲ್ಲವಲ್ಲ.

ರಂಗದಬದಿ

ಸರ, ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕಕ್ಕ ಲೈಟ್ ಹಾಕ್ಕೋತ ಬಂದೀನಿ, ಚಿತ್ರದ ಓದು ನನಗ ಕಡಿಮಿ. ಆದ್ರ ಈ ಚಿತ್ರ ನೋಡಿದ ಕೂಡಲೇ ಕೈ ತುರಸ್ತಾವ. ರಂಗದ ಮ್ಯಾಲೆ ಎರಡು ನಮೂನಿ ಬೆಳಕ ಇರ್ತಾವ್ರಿ. ಒಂದು, ಪ್ರೇಕ್ಷಕರಿಗೆ ಮೂಲ ಕಾಣೂದು: ಕಂದೀಲು, ಚಿಮಣಿ, ಕಿಡಕಿ. ಇನ್ನೊಂದು, ಮೂಲ ಕಾಣದ ಬೆಳಕು, ಮ್ಯಾಲಿನ ಬಾರಿನಿಂದ ಬೀಳೂ ಸ್ಪಾಟ್. ಪಾತ್ರಕ್ಕ ಕಂದೀಲಿನ ಬೆಳಕು ಗೊತ್ತಿರತೈತಿ, ಸ್ಪಾಟ್ ಗೊತ್ತಿರೂದಿಲ್ಲ. ಅದು ನಮಗ ಮಾತ್ರ.

ಕಾರವಾಜ್ಜೊ ಮಾಡಿದ್ದು ಏನಂದ್ರ, ಸ್ಪಾಟ್ ಹಾಕಿ, ಆ ಸ್ಪಾಟು ಪಾತ್ರಕ್ಕ ಗೊತ್ತಾಗೂ ಹಂಗ ಮಾಡ್ಯಾನ. ಸೌಲ ಎರಡೂ ಕೈ ಚಾಚಿ ಆ ಬೆಳಕಿನ ಭಾರ ಹೊತ್ತಾನ ನೋಡ್ರಿ. ಕಣ್ಣು ಮುಚ್ಚೈತಿ! ಕಣ್ಣು ಮುಚ್ಚಿದವನ ಮ್ಯಾಲೆ ಅಷ್ಟು ಬೆಳಕು ಯಾಕ ಚೆಲ್ಲಬೇಕು? ಒಳಗ ಕಾಣಾಕತ್ತೈತಿ ಅಂತ ನಮಗ ಹೇಳಾಕ. ನಿಮ್ಮ ಹುಡುಗಿಗೆ ಹೇಳ್ರಿ ಸರ, ದೇವರು ಆ ಮುಚ್ಚಿದ ರೆಪ್ಪಿ ಹಿಂದ ಅದಾನ.

ಬೆಳಕಿನಬೀಜ

ಇಬ್ಬರಿಗೂ ಧನ್ಯವಾದ. ರಂಗದಬದಿ ಸರ್ ಹೇಳಿದ್ದಕ್ಕೆ ಒಂದು ಸಾಕ್ಷಿ ಸೇರಿಸ್ತೀನಿ. ಈ ಪ್ರಾರ್ಥನಾಲಯಕ್ಕೆ ಕಾರವಾಜ್ಜೊ ಮೊದಲು ಬರೆದದ್ದು ಬೇರೆ ಚಿತ್ರ. 1600ರ ಸೆಪ್ಟೆಂಬರಿನ ಕರಾರಿನಲ್ಲಿ ಸೈಪ್ರೆಸ್ ಮರದ ಹಲಗೆಯ ಮೇಲೆ ಬರೆಯಬೇಕು ಅಂತಿತ್ತು, ಹಾಗೇ ಬರೆದ. ಆ ಹಲಗೆಯ ಚಿತ್ರ ಈಗ ರೋಮಿನ ಒಂದು ಖಾಸಗಿ ಸಂಗ್ರಹದಲ್ಲಿದೆ. ಅದರಲ್ಲಿ ಯೇಸು ಇದ್ದಾನೆ! ಮೇಲಿನ ಮೂಲೆಯಿಂದ ಕೈಚಾಚಿ ಬಗ್ಗುತ್ತಿದ್ದಾನೆ, ಒಬ್ಬ ದೇವದೂತ ಅವನನ್ನು ಹಿಡಿದುಕೊಂಡಿದ್ದಾನೆ. ಕೆಳಗೆ ಗಡ್ಡದ ಸೌಲ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ಸೈನಿಕ ಈಟಿ ಹಿಡಿದು ಗಾಬರಿಯಾಗಿದ್ದಾನೆ. ಎಲ್ಲ ಇದೆ, ಒಂದರ ಮೇಲೊಂದು ಒತ್ತಿಕೊಂಡು. ಎರಡನೇ ಸಲ ಕ್ಯಾನ್ವಾಸಿನ ಮೇಲೆ ಬರೆಯುವಾಗ ಯೇಸು, ದೇವದೂತ, ಈಟಿ, ಗಡಿಬಿಡಿ ಎಲ್ಲವನ್ನೂ ತೆಗೆದುಹಾಕಿ ಒಬ್ಬ ಮನುಷ್ಯ, ಒಂದು ಕುದುರೆ, ಒಬ್ಬ ಮುದುಕ, ಇಷ್ಟೇ ಇಟ್ಟ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಮೊದಲನೆಯದರಲ್ಲಿ ಸೌಲ ಹೆದರಿದ್ದಾನೆ. ಎರಡನೆಯದರಲ್ಲಿ ಒಪ್ಪಿಸಿಕೊಂಡಿದ್ದಾನೆ.

ಕುಂಚಕಡ್ಡಿ

ಚಿತ್ರ ಬರೆಯುವವನಾಗಿ ಕೈಗೆಲಸದ ಕಡೆಯಿಂದ ಎರಡು ಮಾತು. ಇದನ್ನು ಬಿಟ್ಟು ಬರೀ ಅರ್ಥ ಹೇಳಿದರೆ ಅರ್ಧ ಚಿತ್ರ ತಪ್ಪಿಹೋಗುತ್ತೆ.

ನಾವು ಬಿಳಿ ಕಾಗದದ ಮೇಲೆ ಶುರುಮಾಡ್ತೀವಿ. ಬಿಳಿ ಅಲ್ಲಿ ಮೊದಲೇ ಇರುತ್ತೆ, ನೆರಳನ್ನು ಸೇರಿಸ್ತಾ ಹೋಗ್ತೀವಿ. ಕಾರವಾಜ್ಜೊ ಮತ್ತು ಅವನ ದಾರಿ ಹಿಡಿದವರು ಕ್ಯಾನ್ವಾಸಿಗೆ ಮೊದಲು ಕಂದು ಮಣ್ಣುಬಣ್ಣದ ಅಸ್ತರಿ ಕೊಡ್ತಿದ್ದರು. ಅಂದರೆ ಕತ್ತಲು ಮೊದಲೇ ಇದೆ, ಬೆಳಕನ್ನು ತಂದು ಹಾಕಬೇಕು. ಎಷ್ಟೋ ಕಡೆ ನೆರಳು ಅಂತ ನಾವು ನೋಡೋದು ಬೇರೆ ಬಣ್ಣವೇನಲ್ಲ, ಹಾಗೇ ಬಿಟ್ಟ ಅಸ್ತರಿ. ಸೀಸದ ಬಿಳಿಯನ್ನು ಎಲ್ಲಿ ಇಟ್ಟರೆ ಅಲ್ಲಿ ಹಣೆ, ಅಲ್ಲಿ ಮೊಣಕೈ, ಅಲ್ಲಿ ಬಟ್ಟೆಯ ಮಡಿಕೆ. ಹಸಿ ಅಸ್ತರಿಯ ಮೇಲೆ ಕುಂಚದ ಹಿಡಿಯಿಂದಲೋ ಏನೋ ಗೀರಿ ಗುರುತು ಮಾಡಿಕೊಂಡದ್ದು ಅವನ ಹಲವು ಚಿತ್ರಗಳಲ್ಲಿ ಸಿಕ್ಕಿದೆ. ಅವನದೇ ಎಂದು ಖಚಿತವಾಗಿ ಹೇಳಬಹುದಾದ ರೇಖಾಚಿತ್ರ ಕಾಗದದ ಮೇಲೆ ಒಂದೂ ಉಳಿದಿಲ್ಲ.

ಈ ವಿಧಾನದಲ್ಲಿ ಬರೆಯುವಾಗ ಏನಾಗುತ್ತೆ ಅಂತ ಮಾಡಿ ನೋಡಿದವರಿಗೆ ಗೊತ್ತು. ಮುಖವೊಂದು ಕತ್ತಲೊಳಗಿಂದ ನಿಮ್ಮ ಕಡೆ ಬರುತ್ತೆ. ದರ್ಶನದ ವಿಷಯಕ್ಕೂ ಈ ವಿಧಾನಕ್ಕೂ ಇರುವ ಹೊಂದಿಕೆ ನನಗೆ ಕಾಕತಾಳೀಯ ಅನ್ನಿಸೋದಿಲ್ಲ.

ಇದು ಬಹಳ ಚೆನ್ನಾಗಿ ಕಾಣೋದು ಸ್ಪೇನಿನ ಚಿತ್ರಕಾರ ಸುರ್ಬರಾನ್‌ನಲ್ಲಿ. ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿರುವ 1629ರ ಚಿತ್ರ: ಯೇಸುವಿನ ಶಿಷ್ಯ ಸಂತ ಪೇತ್ರನು ಪೇದ್ರೊ ನೊಲಾಸ್ಕೊಗೆ ಕಾಣಿಸಿಕೊಂಡದ್ದು. ನೊಲಾಸ್ಕೊ 13ನೇ ಶತಮಾನದವನು, ಸೆರೆಯಾದ ಕ್ರೈಸ್ತರನ್ನು ಬಿಡಿಸಿ ತರುವ ಮೆರ್ಸೆದ್ ಪಂಥ ಕಟ್ಟಿದವನು. ಅವನಿಗೆ ರೋಮಿಗೆ ಹೋಗಿ ಪೇತ್ರನ ಸಮಾಧಿ ನೋಡುವ ಆಸೆ. ಹೋಗಲಾಗಲಿಲ್ಲ. ಪೇತ್ರನೇ ಬಂದ. ಹೇಗೆ ಬಂದ? ತಾನು ಸತ್ತ ಹಾಗೇ, ಶಿಲುಬೆಗೆ ತಲೆಕೆಳಗಾಗಿ. ಚಿತ್ರದಲ್ಲಿ ಗೋಡೆ ಇಲ್ಲ, ಕಿಟಕಿ ಇಲ್ಲ, ಮೋಡ ಇಲ್ಲ, ರೆಕ್ಕೆಯ ಮಕ್ಕಳಿಲ್ಲ. ಬೆಳ್ಳನೆಯ ನಿಲುವಂಗಿಯ ನೊಲಾಸ್ಕೊ ಮಂಡಿಯೂರಿ ಕೈ ಚಾಚಿದ್ದಾನೆ. ಎದುರಿಗೆ ಕೆಂಡದ ಬಣ್ಣದ ಹೊಗೆಯಂಥ ಬೆಳಕಿನೊಳಗೆ ತಲೆಕೆಳಗಾದ ಮುದುಕ. ಮಧ್ಯೆ ಕೈಯಳತೆಯ ದೂರ. ಭಾವದ ಅಬ್ಬರವೇ ಇಲ್ಲ. ನೊಲಾಸ್ಕೊನ ಮುಖದಲ್ಲಿ ಕಾಣೋದು, ದೂರದ ಊರಿನಿಂದ ನೆಂಟರು ಬಂದು ಬಾಗಿಲಲ್ಲಿ ನಿಂತಾಗ ಆಗುವಂಥ ನಾಚಿಕೆ ಬೆರೆತ ಸಂತೋಷ. ಎರಡು ಬೆಳಕೂ ಬೇರೆಬೇರೆ ಅನ್ನೋದನ್ನು ಗಮನಿಸಿ. ಸಂತನ ಬಟ್ಟೆಯ ಮೇಲೆ ಬಿದ್ದಿರೋದು ತಣ್ಣನೆಯ ಬಿಳಿ. ಪೇತ್ರನ ಸುತ್ತ ಇರೋದು ಬೆಚ್ಚನೆಯ ಕೇಸರಿ. ಒಂದು ಈ ಲೋಕದ್ದು, ಇನ್ನೊಂದು ಆ ಲೋಕದ್ದು. ಒಂದು ಇನ್ನೊಂದಕ್ಕೆ ಬೆರೆತಿಲ್ಲ.

ಹಳೆಓದು

ಎಲ್ಲರೂ ಭಕ್ತಿಯಿಂದ ಬರೀತಿದ್ದೀರಿ, ನಾನು ಒಂದು ತಕರಾರು ಹಾಕಬೇಕು. ಈ ಚಿತ್ರಗಳು ಸುಮ್ಮನೆ ಹುಟ್ಟಿದವಲ್ಲ. ಪ್ರೊಟೆಸ್ಟೆಂಟರು ಚರ್ಚುಗಳಿಂದ ವಿಗ್ರಹ, ಚಿತ್ರಗಳನ್ನು ಕಿತ್ತೆಸೆಯುತ್ತಿದ್ದ ಕಾಲದಲ್ಲಿ, 1563ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಚಿತ್ರಗಳು ಬೇಕು, ಅವು ಜನರಿಗೆ ಕಲಿಸಬೇಕು, ಭಕ್ತಿಯನ್ನು ಹೆಚ್ಚಿಸಬೇಕು ಅಂತ ನಿರ್ಣಯ ಮಾಡಿತು. 1582ರಲ್ಲಿ ಬೊಲೋನ್ಯದ ಧರ್ಮಾಧ್ಯಕ್ಷ ಪಾಲೆಯೊತ್ತಿ ಚಿತ್ರಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಅಂದರೆ ಭಾವೋದ್ರೇಕ ಅನ್ನೋದು ಮೇಲಿನಿಂದ ಬಂದ ಬೇಡಿಕೆ. ಮೇಲೆ ಹೊರಳಿದ ಕಣ್ಣು, ಅರೆತೆರೆದ ಬಾಯಿ, ಎದೆಯ ಮೇಲೆ ಕೈ. ಇಟಲಿಯ ಚಿತ್ರಕಾರ ಗ್ವೀದೊ ರೇನಿಯ ಸಂತರನ್ನು ಸಾಲಾಗಿ ನೋಡಿದರೆ ಎಲ್ಲರ ಕಣ್ಣೂ ಒಂದೇ ಕೋನದಲ್ಲಿ ಮೇಲಕ್ಕೆ. ಅನುಭವಕ್ಕೆ ಒಂದು ಅಚ್ಚು ತಯಾರಾಯ್ತು. ಅಚ್ಚಿನಲ್ಲಿ ಒತ್ತಿದ ಭಾವವನ್ನು ನಾನು ಹೇಗೆ ನಂಬಲಿ?

ಕರಾವಳಿಯವಳು

ಹಳೆಓದು ಅವರೇ, ಟ್ರೆಂಟ್ ಬಗ್ಗೆ ನೀವು ಹೇಳಿದ್ದು ಸರಿ. ಆದ್ರೆ ಧರ್ಮಸಭೆಗೆ ಈ ದರ್ಶನಗಳ ಬಗ್ಗೆ ಬರೀ ಪ್ರೀತಿ ಇತ್ತು ಅಂತ ತಿಳ್ಕೊಳ್ಬೇಡಿ, ಹೆದರಿಕೆಯೂ ಇತ್ತು. ಸ್ಪೇನಿನಲ್ಲಿ ಕೆಲವರು ನಮಗೆ ದೇವರು ನೇರ ಬೆಳಕು ಕೊಡ್ತಾನೆ, ಬಾಹ್ಯ ಆಚಾರ ಬೇಡ ಅಂದಾಗ ಅವರಿಗೆ ಬಿದ್ದ ಹೆಸರೇ ‘ಅಲುಂಬ್ರಾದೊಸ್’, ಬೆಳಕು ಪಡೆದವರು ಅಂತ. 1525ರಲ್ಲಿ ಟೊಲೆಡೊದಲ್ಲಿ ಅವರ ವಿರುದ್ಧ ಆಜ್ಞೆ ಹೊರಟಿತು. ‘ನನಗೆ ಬೆಳಕು ಕಂಡಿತು’ ಎನ್ನುವುದೇ ವಿಚಾರಣೆಗೆ ದಾರಿ ಆಗ್ತಿತ್ತು! ಆವಿಲಾದ ಸಂತ ತೆರೇಸಾ ತನ್ನ ಆತ್ಮಕಥೆ ಬರೆದದ್ದು ಇಂಥ ಕಾಲದಲ್ಲಿ, ತಪ್ಪೊಪ್ಪಿಗೆ ಕೇಳುವ ಗುರುಗಳ ಅಪ್ಪಣೆಯ ಮೇಲೆ. ಆ ಹಸ್ತಪ್ರತಿಯನ್ನೂ ಧರ್ಮವಿಚಾರಣೆಯವರು (ಇನ್‌ಕ್ವಿಸಿಷನ್) ತರಿಸಿಕೊಂಡರು.

ತೆರೇಸಾ ಏನು ಹೇಳ್ತಾಳೆ ಗೊತ್ತುಂಟಾ? ತನಗೆ ದರ್ಶನಗಳು ಮೈಯ ಕಣ್ಣಿಗೆ ಕಂಡದ್ದಲ್ಲ, ಆತ್ಮದ ಕಣ್ಣಿಗೆ ಅಂತ. ಇದಕ್ಕೆ ಹಿಂದೆ ಸಂತ ಆಗಸ್ಟಿನ್ ಮಾಡಿದ ಮೂರು ವಿಂಗಡಣೆ ಉಂಟು: ಮೈಯ ಕಣ್ಣಿಗೆ ಕಾಣುವುದು, ಮನಸ್ಸಿನಲ್ಲಿ ರೂಪವಾಗಿ ಕಾಣುವುದು, ರೂಪವೇ ಇಲ್ಲದೆ ಬುದ್ಧಿಗೆ ಹೊಳೆಯುವುದು. ಮೂರನೆಯದೇ ದೊಡ್ಡದು ಅಂತ ಅವನ ಮಾತು. ಪಾಪ ಚಿತ್ರಕಾರ, ಅವನ ಕೈಯಲ್ಲಿರುವುದು ರೂಪ ಮಾತ್ರ. ರೂಪವಿಲ್ಲದ್ದನ್ನು ಹೇಗೆ ಬರೆಯಬೇಕು? ಬೆಳಕಿಗೆ ಆಕಾರ ಇಲ್ಲ, ಆದ್ರೆ ಆಕಾರ ಇರುವ ಎಲ್ಲದರ ಮೇಲೆ ಬೀಳ್ತದೆ. ಹಾಗಾಗಿ ಬೆಳಕನ್ನು ಹಿಡಿದುಕೊಂಡರು ಅಂತ ನನ್ನ ನಂಬಿಕೆ.

ನೀವು ಅಚ್ಚು ಅಂದದ್ದಕ್ಕೆ ಒಂದೇ ಮಾತು. ನಮ್ಮ ಅಜ್ಜಿ ಜಪಸರ ಹಿಡಿದು ದಿನಾ ಅದೇ ಪ್ರಾರ್ಥನೆ ಹೇಳ್ತಿದ್ದರು. ಮಾತು ಅದೇ, ಆದ್ರೆ ಅಜ್ಜ ತೀರಿಕೊಂಡ ವಾರ ಅವರು ಹೇಳಿದ ಜಪ ಬೇರೆಯೇ ಇತ್ತು.

ಸೇವಂತಿ

ಎಲ್ಲರೂ ಕಾರವಾಜ್ಜೊ, ಸುರ್ಬರಾನ್ ಅಂತ ಕತ್ತಲಿನವರನ್ನೇ ಹೊಗಳ್ತಿದ್ದೀರಿ. ನಾನು ಸ್ಪೇನಿನ ಇನ್ನೊಬ್ಬ ಚಿತ್ರಕಾರ ಮುರಿಯೊ ಪರ ನಿಲ್ತೀನಿ. ಕಾಣದಂತೆ ಬರೆದರೆ ಆಳ, ಕಾಣುವಂತೆ ಬರೆದರೆ ಸಿಹಿ ಅಂತ ಒಂದು ಅಭಿಪ್ರಾಯ ಬೆಳೆದುಬಿಟ್ಟಿದೆ, ಅದು ಅನ್ಯಾಯ.

ಸ್ಪೇನಿನ ಸೆವಿಯ್ಯಾ ಊರಿನ ಮಹಾದೇವಾಲಯದ ಜ್ಞಾನಸ್ನಾನದ ಪ್ರಾರ್ಥನಾಲಯದಲ್ಲಿ ಅವನು 1656ರಲ್ಲಿ ಬರೆದ ಪಾದುವಾದ ಸಂತ ಅಂತೋನಿಯ ದರ್ಶನ ಇದೆ. ಹದಿನೈದು ಅಡಿಗೂ ಮೀರಿದ ಎತ್ತರ. ನಾನು ಅದರ ಮುಂದೆ ನಿಂತಿದ್ದೀನಿ, ಕುತ್ತಿಗೆ ನೋಯುವ ತನಕ. ಮೇಲೆ ಬಂಗಾರದ ಬೆಳಕು ಬಿರಿದು ಅದರೊಳಗಿಂದ ಬಾಲಯೇಸು ಇಳಿದು ಬರ್ತಿದ್ದಾನೆ, ಸುತ್ತ ದೇವದೂತರು. ಕೆಳಗೆ ಅಂತೋನಿ ತೋಳು ಚಾಚಿ ಮಂಡಿಯೂರಿದ್ದಾನೆ. ಇಷ್ಟನ್ನು ನೋಡಿ ಜನ ‘ಸಿಹಿ’ ಅಂತ ತಿರುಗಿಬಿಡ್ತಾರೆ. ನಿಂತು ನೋಡಿದವರಿಗೆ ಪಕ್ಕದಲ್ಲಿ ಒಂದು ತೆರೆದ ಬಾಗಿಲು ಕಾಣುತ್ತೆ. ಅದರಾಚೆ ಮಠದ ಅಂಗಳ, ಅಲ್ಲಿ ಬರೀ ಹಗಲು. ಬೆಳ್ಳಿಯಂಥ ಸಾಧಾರಣ ಹಗಲು. ಮೇಜಿನ ಮೇಲೆ ಹೂದಾನಿಯಲ್ಲಿ ಲಿಲ್ಲಿ ಹೂ. ಅಷ್ಟು ದೊಡ್ಡ ಬೆಳಕು ಕೋಣೆಯೊಳಗೆ ಇಳಿಯುತ್ತಿರುವಾಗ ಹೊರಗೆ ದಿನ ತನ್ನ ಪಾಡಿಗೆ ತಾನು ನಡೀತಿದೆ. ಮೇಷ್ಟ್ರ ಪ್ರಶ್ನೆಗೆ ಮುರಿಯೊ ಅಲ್ಲೇ ಉತ್ತರ ಕೊಟ್ಟಿದ್ದಾನೆ: ಅಂಗಳದಲ್ಲಿ ಯಾರಾದರೂ ಹಾದುಹೋಗಿದ್ದರೆ ಅವರಿಗೆ ಏನೂ ಕಾಣ್ತಿರಲಿಲ್ಲ.

ಇನ್ನೊಂದು ನೆನಪಿರಲಿ. 1649ರಲ್ಲಿ ಸೆವಿಯ್ಯಾಕ್ಕೆ ಪ್ಲೇಗ್ ಬಂದು ಊರಿನ ಸುಮಾರು ಅರ್ಧ ಜನ ಸತ್ತರು. ಈ ಚಿತ್ರ ಬಂದದ್ದು ಅದಾಗಿ ಏಳು ವರ್ಷಕ್ಕೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿ ತುಂಬಿದ ಊರಿನಲ್ಲಿ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಜಾಗದಲ್ಲಿ, ಒಂದು ಮಗು ಬೆಳಕಿನೊಳಗಿಂದ ತೋಳಿಗೆ ಬರುತ್ತಿರುವ ಚಿತ್ರ. ಅದನ್ನು ಅಚ್ಚು ಅಂತ ಕರೆಯೋಕೆ ನನಗೆ ಬಾಯಿ ಬರೋದಿಲ್ಲ.

ಕುಂಚಕಡ್ಡಿ

ಸೇವಂತಿ ಅವರೇ, ಬಾಗಿಲಿನ ವಿಷಯ ನಾನು ಗಮನಿಸಿರಲೇ ಇಲ್ಲ. ಈಗ ದೊಡ್ಡದು ಮಾಡಿ ನೋಡಿದೆ.

ಆ ಚಿತ್ರಕ್ಕೆ ಇನ್ನೊಂದು ಕಥೆ ಇದೆ. 1874ರಲ್ಲಿ ಕಳ್ಳರು ಅಂತೋನಿಯ ಆಕೃತಿಯನ್ನಷ್ಟೇ ಕತ್ತರಿಸಿ ಕದ್ದೊಯ್ದರು. ಮರುವರ್ಷ ಅದು ನ್ಯೂಯಾರ್ಕಿನಲ್ಲಿ ಒಬ್ಬ ಚಿತ್ರ ವ್ಯಾಪಾರಿಯ ಕೈಗೆ ಬಂತು, ಅವನು ಗುರುತು ಹಿಡಿದು ಸ್ಪೇನಿನ ಅಧಿಕಾರಿಗಳಿಗೆ ಒಪ್ಪಿಸಿದ, ತಂದು ಮತ್ತೆ ಹೊಲಿದ ಹಾಗೆ ಕೂಡಿಸಿದರು. ಸಂತ ಇಲ್ಲದ ಆ ತಿಂಗಳುಗಳಲ್ಲಿ ಕ್ಯಾನ್ವಾಸು ಹೇಗೆ ಕಂಡಿರಬೇಕು ಅಂತ ಯೋಚಿಸ್ತಿದ್ದೆ. ಮೇಲೆ ಬೆಳಕು, ಮಗು, ದೇವದೂತರು ಎಲ್ಲ ಇದ್ದಾರೆ. ಕೆಳಗೆ, ನೋಡುವವನ ಜಾಗದಲ್ಲಿ, ಒಂದು ತೂತು.

ದೂರದೂರು

ರೋಮಿನಲ್ಲಿ ಕೆಲಸದ ಮೇಲೆ ಆರು ವರ್ಷದಿಂದ ಇದ್ದೀನಿ, ಈ ಚರ್ಚೆ ಈಗ ಕಣ್ಣಿಗೆ ಬಿತ್ತು. ನೀವು ಯಾರೂ ಹೇಳದ ಒಂದು ಸಂಗತಿ: ಚೆರಾಸಿ ಪ್ರಾರ್ಥನಾಲಯದಲ್ಲಿ ಒಂದು ಪೆಟ್ಟಿಗೆ ಇದೆ. ನಾಣ್ಯ ಹಾಕಿದರೆ ದೀಪ ಹತ್ತುತ್ತೆ, ಒಂದೆರಡು ನಿಮಿಷಕ್ಕೆ ಟಕ್ ಅಂತ ಆರುತ್ತೆ. ಇಲ್ಲಿ ಸುಮಾರು ಚರ್ಚುಗಳಲ್ಲಿ ಹೀಗೇ. ನಾನು ಹೋದಾಗಲೆಲ್ಲ ಯಾರೋ ನಾಣ್ಯ ಹಾಕ್ತಾರೆ, ಎಲ್ಲರೂ ಫೋನ್ ಎತ್ತುತ್ತಾರೆ, ದೀಪ ಆರುತ್ತಲೂ ಹೊರಟುಹೋಗ್ತಾರೆ. ಎದುರಿನ ಗೋಡೆಯಲ್ಲಿ ಸಂತ ಪೇತ್ರನನ್ನು ಶಿಲುಬೆಗೇರಿಸುವ ಚಿತ್ರ, ಮಧ್ಯದ ಬಲಿಪೀಠಕ್ಕೆ ಆನ್ನಿಬಾಲೆ ಕರ್ರಾಚ್ಚಿ ಬರೆದ ಮಾತೆ ಮರಿಯಳ ಸ್ವರ್ಗಾರೋಹಣ. ಜಾಗ ಬಹಳ ಇಕ್ಕಟ್ಟು. ಕಾರವಾಜ್ಜೊನ ಚಿತ್ರಗಳನ್ನು ನೇರ ನಿಂತು ನೋಡೋಕೆ ಆಗೋದೇ ಇಲ್ಲ, ಓರೆಯಾಗಿ ನೋಡಬೇಕು. ಪುಸ್ತಕದಲ್ಲಿ ನೋಡುವ ಚಿತ್ರವೇ ಬೇರೆ. ಇಲ್ಲಿ ಸೌಲ ಬಿದ್ದಿರೋದು ಹೆಚ್ಚುಕಡಿಮೆ ನಮ್ಮ ಕಾಲ ಬುಡಕ್ಕೆ.

ರಂಗದಬದಿ

ಅಕ್ಕಾರ, ನಿಮಗೊಂದು ವಿನಂತಿ ಐತ್ರಿ. ಮುಂದಿನ ಸಲ ಹೋದಾಗ ನಾಣ್ಯ ಹಾಕಬ್ಯಾಡ್ರಿ. ಯಾರಾದ್ರೂ ಹಾಕಿದ್ರ, ಆರೂ ತನಕ ಕಾಯ್ರಿ, ಆರಿದ ಮ್ಯಾಲೆ ಹತ್ತು ನಿಮಿಷ ಸುಮ್ನ ನಿಲ್ರಿ. ಬರೆದ ಕಾಲದಾಗ ಅಲ್ಲಿ ಇದ್ದದ್ದು ಹಗಲಿನ ಬೆಳಕು, ಮೇಣದಬತ್ತಿ, ಅಷ್ಟ. ಕಣ್ಣು ಕತ್ತಲಿಗೆ ಹೊಂದಾಕ ಟೈಮ್ ಬೇಕು. ನಾಟಕದಾಗ ಬ್ಲ್ಯಾಕೌಟ್ ಆದ ಮ್ಯಾಲೆ ಮೊದಲ ಏನು ಕಾಣತೈತಿ ಅನ್ನೂದ್ರ ಮ್ಯಾಲೆ ಇಡೀ ದೃಶ್ಯ ನಿಂತಿರತೈತಿ. ಏನು ಮೊದಲ ಕಂಡಿತು, ಬಂದು ಬರೀರಿ.

ಹಂಗ ಇನ್ನೊಂದು. ಅದ ಊರಾಗ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನೊಳಗ ಬರ್ನಿನಿ ಕಡೆದ ತೆರೇಸಾ ಮೂರ್ತಿ ಐತೆಲ್ಲ, 1647ರಿಂದ 52ರ ತನಕ ಮಾಡಿದ್ದು. ಅದು ಚಿತ್ರ ಅಲ್ಲ, ಮೂರ್ತಿ, ಖರೆ. ಆದ್ರ ಬೆಳಕಿನ ಮಾತು ಬಂದಾಗ ಅದನ್ನ ಬಿಡಾಕ ಆಗೂದಿಲ್ಲ. ಮೂರ್ತಿ ಮ್ಯಾಲೆ ಯಾರಿಗೂ ಕಾಣದಂಗ ಒಂದು ಕಿಡಕಿ ಇಟ್ಟಾನ. ಅಲ್ಲಿಂದ ಬಂದ ನಿಜವಾದ ಬಿಸಿಲು, ಬಂಗಾರದ ನೀರು ಕೊಟ್ಟ ಕಿರಣಗಳ ಮ್ಯಾಲೆ ಜಾರಿ ಇಳೀತೈತಿ. ನಮ್ಮ ಭಾಷೆಯೊಳಗ ಅದು ಮರೆಯ ಸ್ಪಾಟ್! ಅವ ನಾಟಕ ಆಡಿಸಿದವ, ಅವನಿಗೆ ಗೊತ್ತಿತ್ತು. ಎರಡೂ ಬದಿಗೆ ಆ ಪ್ರಾರ್ಥನಾಲಯ ಕಟ್ಟಿಸಿದ ಕೊರ್ನಾರೊ ಮನೆತನದವರ ಮೂರ್ತಿ, ನಾಟಕಶಾಲೆ ಬಾಲ್ಕನಿಯೊಳಗ ಕುಂತಂಗ. ಅವರೊಳಗ ಕೆಲವರು ತಮ್ಮ ತಮ್ಮೊಳಗ ಮಾತಾಡಾಕತ್ತಾರ. ತೆರೇಸಾ ಕಡೆ ನೋಡೂದಿಲ್ಲ. ಲಗಾಮು ಹಿಡಿದ ಮುದುಕನ ನೆನಪಾತು ನನಗ.

ಬೆಳಕಿನಬೀಜ

ಸೇವಂತಿಯವರ ಬಾಗಿಲು, ರಂಗದಬದಿಯವರ ಬಾಲ್ಕನಿ, ಕರಾವಳಿಯವರ ಮುದುಕ. ಮೂರರಲ್ಲೂ ದರ್ಶನದ ಪಕ್ಕದಲ್ಲೇ ಅದು ಕಾಣದ ಲೋಕ ಇದೆ. ನಾನು ಈ ಕಣ್ಣಿನಿಂದ ಇನ್ನೆರಡು ಚಿತ್ರ ನೋಡಿದೆ.

ಒಂದು, ಫ್ರಾನ್ಸಿನ ನಾಂತ್ ಊರಿನ ಸಂಗ್ರಹಾಲಯದಲ್ಲಿರುವ ಜಾರ್ಜ್ ದ ಲಾ ತೂರ್‌ನ ಚಿತ್ರ, ಸಂತ ಜೋಸೆಫನ ಕನಸು. ಮುದುಕ ಜೋಸೆಫ ಕೂತಲ್ಲೇ ನಿದ್ದೆಹೋಗಿದ್ದಾನೆ, ಬಾಯಿ ಸ್ವಲ್ಪ ತೆರೆದಿದೆ, ತೊಡೆಯ ಮೇಲೆ ಪುಸ್ತಕ. ಎದುರಿಗೆ ಒಂದು ಮಗು ಕೈ ಚಾಚಿದೆ. ರೆಕ್ಕೆಯಿಲ್ಲ, ಪ್ರಭಾವಳಿಯಿಲ್ಲ. ಮಧ್ಯೆ ಉರಿಯುವ ಮೇಣದಬತ್ತಿ, ಆದರೆ ಅದರ ಜ್ವಾಲೆಗೆ ಮಗುವಿನ ತೋಳು ಅಡ್ಡ ಬಂದಿದೆ. ಬೆಳಕಿನ ಮೂಲ ಅಲ್ಲೇ ಇದೆ, ನಮಗೆ ಮರೆ. ಮಗುವಿನ ಮುಖ ಆ ಬೆಳಕಿಗೆ ಹೊಳೀತಿದೆ. ಇದು ದೇವದೂತನೋ, ಅಜ್ಜನನ್ನು ಊಟಕ್ಕೆ ಎಬ್ಬಿಸೋಕೆ ಬಂದ ಮೊಮ್ಮಗುವೋ ಅಂತ ಕೇಳಿದರೆ ಚಿತ್ರ ಎರಡಕ್ಕೂ ತಲೆಯಾಡಿಸುತ್ತೆ. ಕಣ್ಣೀರಿಲ್ಲ, ಹೊರಳಿದ ಕಣ್ಣಿಲ್ಲ. ಹಳೆಓದು ಸರ್, ಇದನ್ನು ಒಮ್ಮೆ ನೋಡಿ.

ಇನ್ನೊಂದು ರೆಂಬ್ರಾಂಟ್ ತನ್ನ ಇಪ್ಪತ್ತರ ಹರೆಯದಲ್ಲಿ, 1629ರ ಆಸುಪಾಸು ಬರೆದ ಎಮ್ಮಾವುಸಿನ ಊಟ, ಪ್ಯಾರಿಸಿನಲ್ಲಿದೆ. ಪ್ರೊಟೆಸ್ಟೆಂಟ್ ನಾಡಿನವನು, ಟ್ರೆಂಟ್ ಅಪ್ಪಣೆ ಅವನಿಗೆ ಅನ್ವಯಿಸೋದಿಲ್ಲ. ಸತ್ತು ಎದ್ದ ಯೇಸು ಇಬ್ಬರು ಶಿಷ್ಯರ ಜೊತೆ ಊಟಕ್ಕೆ ಕೂತು ರೊಟ್ಟಿ ಮುರಿದಾಗ ಅವರಿಗೆ ಗುರುತು ಸಿಗುತ್ತೆ, ಆ ಕ್ಷಣವೇ ಆತ ಮಾಯ. ಇದರಲ್ಲಿ ಬೆಳಕು ಯೇಸುವಿನ ಹಿಂದೆ ಇದೆ, ಆತ ಬರೀ ಕಪ್ಪು ನೆರಳುಗೆರೆ. ಬೆಳಕೆಲ್ಲ ಬಿದ್ದಿರೋದು ಬೆಚ್ಚಿಬಿದ್ದ ಶಿಷ್ಯನ ಮುಖದ ಮೇಲೆ. ಹಿಂದೆ ದೂರದಲ್ಲಿ ಕೆಲಸದವಳೊಬ್ಬಳು ತನ್ನ ಸಣ್ಣ ದೀಪದ ಬೆಳಕಲ್ಲಿ ಅಡುಗೆ ಕೆಲಸ ಮಾಡ್ತಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ.

ಹಳೆಓದು

ಲಾ ತೂರ್ ನೋಡಿದೆ, ಎರಡು ದಿನ ಬಿಟ್ಟು ಮತ್ತೆ ನೋಡಿದೆ. ನನ್ನ ತಕರಾರನ್ನು ಪೂರ್ತಿ ಬಿಡೋದಿಲ್ಲ, ರೇನಿಯ ಕಣ್ಣುಗಳ ಬಗ್ಗೆ ನನ್ನ ಅಭಿಪ್ರಾಯ ಅದೇ. ಆದರೆ ಅಪ್ಪಣೆ ಕೊಟ್ಟವರು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಕೆಲವರು ಕೊಟ್ಟರು ಅಂತ ಒಪ್ತೀನಿ.

ನಾನೂ ಒಂದು ಚಿತ್ರ ತರ್ತೀನಿ. ಪ್ರಾದೊದಲ್ಲೇ ಇರುವ ರಿಬೆರಾನ ಯಾಕೋಬನ ಕನಸು, 1639. ಸ್ಪೇನಿನವನಾದರೂ ನೇಪಲ್ಸಿನಲ್ಲಿ ಬದುಕಿದವನು. ಬೈಬಲಿನ ಕಥೆಯಲ್ಲಿ ಯಾಕೋಬ ಕಲ್ಲಿಗೆ ತಲೆಕೊಟ್ಟು ಮಲಗಿದಾಗ ಸ್ವರ್ಗಕ್ಕೆ ಏಣಿ, ಹತ್ತಿ ಇಳಿಯುವ ದೇವದೂತರು ಕಾಣ್ತಾರೆ. ರಿಬೆರಾ ಏಣಿಯನ್ನು ಬಿಟ್ಟುಬಿಟ್ಟಿದ್ದಾನೆ. ದುಡಿದು ದಣಿದ ಒಬ್ಬ ದಾರಿಹೋಕ ಬಯಲಲ್ಲಿ ಮಲಗಿದ್ದಾನೆ. ಅವನ ಹಿಂದೆ ಆಕಾಶದಲ್ಲಿ ಓರೆಯಾಗಿ ಹಳದಿ ಬೆಳಕಿನ ಒಂದು ಪಟ್ಟೆ. ಕಣ್ಣು ಕಿರಿದು ಮಾಡಿ ನೋಡಿದರೆ ಅದರೊಳಗೆ ದೇವದೂತರ ಆಕೃತಿಗಳು, ಬಿಸಿಲುಕೋಲಿನಲ್ಲಿ ತೇಲುವ ಧೂಳಿನಷ್ಟು ತೆಳ್ಳಗೆ. ಅವಸರದಲ್ಲಿ ಹೋಗುವವರಿಗೆ ಅದು ಬರೀ ಮೋಡದ ಸಂದಿನ ಬಿಸಿಲು. ನಿಲ್ಲದವರಿಗೆ ಕಾಣದು. ಇದು ನನಗೆ ಬಹಳ ಹಿಡಿಸಿತು.

ಸೇವಂತಿ

ಬೆಳಕಿನ ಮಾತು ಬಂದದ್ದರಿಂದ ಕನ್ನಡದ ಕಡೆಯಿಂದ ಒಂದು ಸಣ್ಣ ಸೇರ್ಪಡೆ. ನಮ್ಮಲ್ಲಿ ಬೆಳಕು ಇದೆ, ಬೆಳಗು ಇದೆ. ಬೆಳಕು ಅನ್ನೋದು ಬೀಳುತ್ತೆ. ಬೆಳಗು ಅನ್ನೋದನ್ನು ಮಾಡಬೇಕು, ದೀಪ ಬೆಳಗಬೇಕು, ಇಲ್ಲವೇ ಅದು ತಾನಾಗೇ ಆಗಬೇಕು. ಕಾರವಾಜ್ಜೊನ ಮುದುಕನ ಮೇಲೆ ಬೆಳಕು ಬಿದ್ದಿದೆ. ಸೌಲನಿಗೆ ಬೆಳಗಾಗಿದೆ.

ಕರಾವಳಿಯವಳು

ಸೇವಂತಿ, ಎಷ್ಟು ಚೆಂದ ಹೇಳಿದಿರಿ!

ನಮ್ಮೂರಿನ ಒಂದು ನೆನಪು ಹೇಳ್ತೇನೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಗೋಡೆ, ಮಾಡು ಎಲ್ಲ ಚಿತ್ರ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಕೂತು ಬರೆದದ್ದು. ಅದು ಬರೋಕ್ ಕಾಲದ್ದಲ್ಲ, ಇನ್ನೂರು-ಮುನ್ನೂರು ವರ್ಷ ಈಚೆಯದು. ಆದ್ರೆ ಆ ಮೋಡ, ಆ ತೆರೆದ ಆಕಾಶ, ಮೇಲೆ ನೋಡುವ ಕಣ್ಣುಗಳು ಅದೇ ಬಳ್ಳಿಯ ಹೂವು. ಚಿಕ್ಕವಳಿರುವಾಗ ಪೂಜೆಯ ಮಧ್ಯೆ ತಲೆ ಎತ್ತಿ ಮಾಡು ನೋಡ್ತಾ ಕೂತು ಅಮ್ಮನ ಹತ್ರ ಚಿವುಟಿಸಿಕೊಳ್ತಿದ್ದೆ. ಜೋರು ಮಳೆ ಬಂದು ಚಾಪೆಲ್ ಒಳಗೆ ಕತ್ತಲಾದ್ರೆ ಚಿತ್ರದ ಮೋಡ ಹೊರಗಿನ ಮೋಡದ ಹಾಗೆ ಕಾಣ್ತಿತ್ತು.

ದೂರದೂರು

ರಂಗದಬದಿ ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಮೂರು ವಾರ ಆಯ್ತು, ಇವತ್ತು ಬಿಡುವು ಸಿಕ್ಕಿತು. ಬೆಳಗ್ಗೆ ಮೋಡ ಇತ್ತು, ಚರ್ಚಿನಲ್ಲಿ ನಾಲ್ಕೈದು ಜನ. ಒಂದು ಗುಂಪು ಬಂದು ನಾಣ್ಯ ಹಾಕಿ ನೋಡಿ ಹೋಯಿತು. ದೀಪ ಆರಿದಾಗ ಏನೂ ಕಾಣಲಿಲ್ಲ, ಗೋಡೆ ಕಪ್ಪು. ಹೊರಟುಬಿಡೋಣ ಅನ್ನಿಸಿತು. ನಿಂತೆ.

ಮೊದಲು ಕಂಡದ್ದು ಕುದುರೆ. ಅದರ ಮೈಮೇಲಿನ ಕೆನೆಬಣ್ಣದ ಮಚ್ಚೆ. ಪೂರ್ತಿ ಕುದುರೆ ಕಾಣಲಿಲ್ಲ, ಕತ್ತಲಲ್ಲಿ ಒಂದು ಬೆಳ್ಳನೆಯ ರಾಶಿ. ಆಮೇಲೆ ಕೆಳಗಿನಿಂದ ಎರಡು ತೋಳು. ಬಹಳ ಹೊತ್ತಿನ ನಂತರ ಮುದುಕನ ಹಣೆ. ಸೌಲ ಮಲಗಿರುವ ಕೆಂಪು ಬಟ್ಟೆ ದೀಪದ ಬೆಳಕಿನಲ್ಲಿ ಅಷ್ಟು ಎದ್ದು ಕಾಣುವಂಥದ್ದು, ಈಗ ಕಪ್ಪಾಗಿಬಿಟ್ಟಿತ್ತು. ಸೌಲನ ಮುಖ ಕೊನೆಯವರೆಗೂ ಸರಿಯಾಗಿ ಕಾಣಲಿಲ್ಲ. ತೋಳುಗಳು ಮಾತ್ರ ಇದ್ದವು, ಮೇಲಕ್ಕೆ.

ರಂಗದಬದಿ

ಅಕ್ಕಾರ, ಕೈ ಮುಗೀತೀನಿ. ಮಬ್ಬಿನೊಳಗ ಕೆಂಪು ಮೊದಲ ಸಾಯತೈತ್ರಿ, ರಂಗದ ಮ್ಯಾಲೂ ಹಂಗ. ಬಿಳಿ ಕಡೀ ತನಕ ಉಳೀತೈತಿ. ಕುದುರಿ ಯಾಕ ಅಷ್ಟು ದೊಡ್ಡದು, ಅದರ ಮೈ ಯಾಕ ಅಷ್ಟು ಬೆಳ್ಳಗ ಅನ್ನೂದು ನನಗ ಈಗ ತಿಳೀತು. ಆ ಕತ್ತಲ ಗೂಡಿನೊಳಗ ಬೆಳಕನ್ನ ಹಿಡಿದಿಟ್ಟು ಕೆಳಗ ಸೌಲನ ಮ್ಯಾಲೆ ಚೆಲ್ಲಾಕ ಒಂದು ದೊಡ್ಡ ಬಿಳಿ ಗೋಡಿ ಬೇಕಿತ್ತು.

ಬೆಳಕಿನಬೀಜ

ಇವತ್ತು ಕ್ಲಾಸಿನಲ್ಲಿ ಕಿಟಕಿ ಮುಚ್ಚಿಸಿ, ಪ್ರೊಜೆಕ್ಟರಿನ ಬೆಳಕು ಆದಷ್ಟು ತಗ್ಗಿಸಿ, ಅದೇ ಚಿತ್ರ ಮತ್ತೆ ಹಾಕಿದೆ. ದೂರದೂರು ಅವರು ಬರೆದದ್ದನ್ನು ಓದಿ ಹೇಳಿದೆ, ನಿಮ್ಮೆಲ್ಲರ ಮಾತೂ ಹೇಳಿದೆ. ಮಕ್ಕಳು ಗಪ್‌ಚಿಪ್. ಆ ಹುಡುಗಿ ಬಹಳ ಹೊತ್ತು ನೋಡಿ ಕೇಳಿದಳು: “ಸಾರ್, ಕುದುರೆ ಒಂದು ಕಾಲು ಎತ್ತಿದೆ, ಅವನನ್ನು ತುಳೀಬಾರದು ಅಂತ. ಹಾಗಾದ್ರೆ ಅದಕ್ಕೂ ಏನೋ ಕಾಣ್ತಿದೆಯಾ?”

ಕರಾವಳಿಯವಳು

ಅಯ್ಯೋ ದೇವರೇ, ಆ ಹುಡುಗಿ! ಮೇಷ್ಟ್ರೇ, ಅವಳಿಗೆ ಬಿಳಾಮನ ಕತ್ತೆಯ ಕಥೆ ಹೇಳಿ, ಬೈಬಲಿನ ಅರಣ್ಯಕಾಂಡ 22ನೇ ಅಧ್ಯಾಯ. ದಾರಿಯಲ್ಲಿ ದೇವದೂತ ಕತ್ತಿ ಹಿಡಿದು ಅಡ್ಡ ನಿಂತಿರ್ತಾನೆ. ಪ್ರವಾದಿ ಬಿಳಾಮನಿಗೆ ಕಾಣುವುದಿಲ್ಲ, ಅವನನ್ನು ಹೊತ್ತ ಕತ್ತೆಗೆ ಕಾಣ್ತದೆ. ಅದು ದಾರಿ ಬಿಟ್ಟು ಸರಿದರೆ ಅವನು ಮೂರು ಸಲ ಹೊಡೆಯುತ್ತಾನೆ. ರೆಂಬ್ರಾಂಟ್ 1626ರಲ್ಲಿ ಅದನ್ನು ಬರೆದಿದ್ದಾನೆ, ಅದೂ ಪ್ಯಾರಿಸಿನಲ್ಲೇ ಉಂಟು. ಕೋಲು ಎತ್ತಿದ ಬಿಳಾಮನ ಕಣ್ಣಿನ ಜಾಗದಲ್ಲಿ ಕಪ್ಪು ಗುಳಿ. ಕತ್ತೆ ಬಾಯಿ ತೆರೆದು ಅವನ ಕಡೆಗೆ ಕತ್ತು ತಿರುಗಿಸಿದೆ. ನಾಳೆ ಅದನ್ನು ಹಾಕಿ. ಅವಳು ಏನು ಕೇಳಿದಳು ಅಂತ ಇಲ್ಲಿ ಬರೆಯಲಿಕ್ಕೆ ಮರೀಬೇಡಿ.